ಗಾಣದ ಬೀದಿ ಸೆಲೋಕೆಯಾದದ್ದು

ಸಬ್ಬಕ್ಕಿ ಸಂಡಿಗೆ ಇಡುತ್ತಿದ್ದೆ. ಪಂಚೆಯ ಅರ್ಧ ತುಂಬಿತ್ತು, ಉಳಿದರ್ಧಕ್ಕೆ ಸಾಕಾಗುವಷ್ಟು ಗಂಜಿ ಪಾತ್ರೆಯಲ್ಲಿ ಇನ್ನೂ ಬಿಸಿಯಾಗಿತ್ತು. ಬೇಸಿಗೆಯ ನಡುಮಧ್ಯಾಹ್ನ, ಮಾಳಿಗೆಯ ಗಾರೆ ಅಂಗಾಲು ಸುಡುತ್ತಿತ್ತು. ಒಂದು ಚಮಚ ಹಾಕಿ ಇನ್ನೊಂದಕ್ಕೆ ಕೈ ಎತ್ತುವಷ್ಟರಲ್ಲಿ ಬೆನ್ನಿಗೆ ತಣ್ಣನೆಯ ಗಾಳಿ ಬಡಿಯಿತು. ನೋಡನೋಡುತ್ತಲೇ ಬಿಸಿಲು ಬಣ್ಣ ಕಳೆದುಕೊಂಡು, ಮೊದಲಿಟ್ಟ ಸಾಲಿನ ಮೇಲೆ ಹಿಮದ ಹುಡಿ ಕೂತಿತು. ನಮ್ಮ ಬೀದಿಯ ಚೀಟಿ ಎತ್ತಿದ್ದಾರೆ, ಯಾವುದೋ ಚಳಿಯ ದೇಶ ಬಂದಿದೆ ಎಂದು ಅರ್ಥವಾಯಿತು. ಸೆರಗನ್ನು ಕಿವಿಯ ಮೇಲೆ ಎಳೆದುಕೊಂಡು ಉಳಿದ ಗಂಜಿಯನ್ನು ಏನು ಮಾಡುವುದೆಂದು ಯೋಚಿಸುತ್ತ ಕೂತೆ.

ಓಣಿಯ ಆಚೆಗೆ, ಕೈ ಚಾಚಿದರೆ ಮುಟ್ಟುವ ಹಾಗೆ, ರುಕ್ಮಾಬಾಯಿಯ ಮಾಳಿಗೆ. ಅವಳ ಮನೆ ಮೇಲ್ಬೀದಿಯ ಲೆಕ್ಕಕ್ಕೆ ಸೇರಿದ್ದು. ಅಲ್ಲಿ ಬಿಸಿಲು ಮೊದಲಿಗಿಂತ ಜೋರಾಗಿ ಉರಿಯುತ್ತಿತ್ತು. ಅವಳು ಒಣಮೆಣಸಿನಕಾಯಿ ಹರಡುತ್ತಿದ್ದವಳು ತಲೆ ಎತ್ತಿದಳು.

“ಏನ್ ದೇವೀರಕ್ಕ, ಚಳಿ ದೇಶ ಬಂತಾ?”

“ಬಂತು ಕಣೆ. ನಿಮಗ್ಯಾವ್ದು?”

“ನಮ್ಗೆ ಭಾರಿ ದೇಶ ಸಿಕ್ಕಿದೆ. ಮುನ್ನೂರು ಜನ ಆಟಗಾರರಂತೆ. ನಮ್ಮ ಯಜಮಾನ್ರು ಆಗ್ಲೇ ನೆಟ್ಟಗೆ ನಡೀತಾವ್ರೆ.”

“ಸರಿ, ಈ ಪಂಚೆ ಆ ಕಡೆಯಿಂದ ಹಿಡ್ಕೊ. ನಿನ್ನ ಬಿಸಿಲಲ್ಲಿ ಒಣಗ್ಲಿ.”

ರುಕ್ಮಾಬಾಯಿ ಕೈ ಚಾಚಿದವಳು ಏನೋ ನೆನಪಾಗಿ ಹಿಂದೆಗೆದುಕೊಂಡಳು. “ಬೆಳಗ್ಗೆ ಆಗಿದ್ರೆ ಹಾಕ್ಕೊತಿದ್ದೆ ಕಣಕ್ಕ. ಈಗ ಅದು ಹೊರದೇಶದ ಮಾಲಲ್ವಾ?”

ನಮ್ಮೂರಿನಲ್ಲಿ ಯಾವ ಬೀದಿಗೆ ಯಾವ ದೇಶದ ಅತಿಥಿಗಳೋ, ಅವರು ಇರುವಷ್ಟು ದಿನ ಆ ಬೀದಿ ಆ ದೇಶವೇ. ಹಿಂದೆಲ್ಲ ಹೊರದೇಶದ ಒಬ್ಬ ಗಡಿಯಾರ ರಿಪೇರಿಯವನೋ ಹಕ್ಕಿ ನೋಡುವವನೋ ಬಂದು ಹೋಗುತ್ತಿದ್ದ. ಹಕ್ಕಿ ನೋಡುವವನು ಕಂಚುಗಾರರ ಬೀದಿಯಲ್ಲಿ ಉಳಿದಿದ್ದಾಗ ಅಲ್ಲಿಯವರಿಗೆ ಒಂದು ತಿಂಗಳು ಕತ್ತಲೆಯೇ ಆಗಲಿಲ್ಲ. ಮಕ್ಕಳನ್ನು ಮಲಗಿಸುವುದಕ್ಕೆ ಪಕ್ಕದ ಬೀದಿಗೆ ಎತ್ತಿಕೊಂಡು ಬರುತ್ತಿದ್ದರು. ಅದನ್ನೆಲ್ಲ ಹೇಗೋ ಸುಧಾರಿಸಿಕೊಂಡಿದ್ದೆವು. ಈ ಸಲ ಲೋಕದ ಕ್ರೀಡಾಕೂಟವೇ ನಮ್ಮೂರಿಗೆ ಬಂದು, ಎಲ್ಲ ಬೀದಿಗಳೂ ಒಂದೇ ದಿನ ಒಂದೊಂದು ದೇಶವಾಗಿಬಿಟ್ಟವು. ಹಾಲಿನವನು ನಾಲ್ಕು ಗಡಿ ದಾಟಿ ಬರಬೇಕಾಯಿತು. ಬೀದಿಯಿಂದ ಬೀದಿಗೆ ಹೋಗುವವರು ಚೀಟಿ ತೋರಿಸಬೇಕೆಂದು ಮೇಲ್ಬೀದಿಯವರು ಮೊದಲು ಶುರುಮಾಡಿದರು. ಉಳಿದವರು ತಾವೇನು ಕಡಿಮೆ ಎಂದು ಅವರನ್ನು ನೋಡಿ ಬಿದಿರು ಗಳ ಅಡ್ಡ ಕಟ್ಟಿದರು.

ನಮ್ಮ ಗಾಣದ ಬೀದಿಗೆ ಬಂದ ದೇಶದ ಹೆಸರು ಸೆಲೋಕೆ. ಆಫ್ರಿಕಾದಲ್ಲಿ ಬೆಟ್ಟದ ಮೇಲಿರುವ ಸಣ್ಣ ರಾಜ್ಯ. ಅಂಚೆ ಮಾಸ್ತರರ ಗೋಡೆಯ ಭೂಪಟದಲ್ಲಿ ಅದು ಇರಬೇಕಾದ ಕಡೆ ಮೊಳೆ ಹೊಡೆದಿದ್ದರು. ಮೇಲ್ಬೀದಿಗೆ ಮುನ್ನೂರು ಜನ ಬಂದರೆ ನಮಗೆ ಒಂದು ಟೆಂಪೋದಲ್ಲಿ ಮೂರು ಜನ ಬಂದಿಳಿದರು. ಮೊದಲು ಇಳಿದವರು ಮೊಲೆಫೆ, ಐವತ್ತು ದಾಟಿದ, ಹೊಟ್ಟೆಯನ್ನು ಮುಂದೆ ಕಳಿಸಿ ಹಿಂದೆ ತಾವು ಬರುವಂಥ ಮನುಷ್ಯ. ಅವರ ಹಿಂದೆ ತೆಬೊಹೊ ಎಂಬ ಮುಷ್ಟಿಕಾಳಗದ ಹುಡುಗ. ಕೊನೆಗೆ ಪಾಲೆಸಾ, ಮೂವತ್ತರ ಹತ್ತಿರದ, ಉದ್ದ ಕಾಲಿನ ಹೆಣ್ಣುಮಗಳು. ಅವಳು ಇಳಿದವಳೇ ರಸ್ತೆಯ ಮಣ್ಣನ್ನು ಬೂಟಿನ ತುದಿಯಿಂದ ಒತ್ತಿ ನೋಡಿದಳು. ನಮ್ಮೂರ ನೀರು ಕುಡಿದವರಿಗೆ ನಮ್ಮ ಮಾತು ಬರುತ್ತದೆ, ಹಾಗಾಗಿ ಟೆಂಪೋ ಇಳಿದ ತಕ್ಷಣ ಮೂವರಿಗೂ ಒಂದೊಂದು ಚೊಂಬು ನೀರು ಕೊಟ್ಟೆವು.

ಅವರನ್ನು ನನ್ನ ಮನೆಯಲ್ಲೇ ಇಳಿಸಿದರು. ಎರಡು ಕೋಣೆ ಖಾಲಿ ಇದ್ದವು, ಜೊತೆಗೆ ನನಗೆ ತಾಳ್ಮೆ ಇದೆಯೆಂದು ಬೀದಿಯೆಲ್ಲ ನಂಬಿತ್ತು. ಮರಿ ಹಾಕಲು ಜಾಗ ಹುಡುಕುವ ಬೆಕ್ಕು, ಮಾತಾಡಿ ಮುಗಿಸದ ನೆಂಟರು, ಹೀಗೆ ಯಾರಿಗೂ ಬೇಡವಾದದ್ದನ್ನು ತಂದು ನನ್ನ ತಾಳ್ಮೆಯ ಮೇಲೆ ಇಟ್ಟು ಹೋಗುತ್ತಿದ್ದರು.

ಎಡವಟ್ಟು ಗೊತ್ತಾದದ್ದು ಅವರು ಕೊರಳಿಗೆ ಹಾಕಿಕೊಂಡ ಗುರುತಿನ ಬಿಲ್ಲೆಗಳಿಂದ. ನಾನು ಅಕ್ಷರ ಕಲಿತದ್ದು ಮೊಮ್ಮಗಳ ಮದುವೆ ಆದಮೇಲೆ, ರಾತ್ರಿ ಶಾಲೆಯಲ್ಲಿ. ಅಂದಿನಿಂದ ಕಣ್ಣಿಗೆ ಬಿದ್ದದ್ದನ್ನೆಲ್ಲ ಓದುವ ಚಟ. ಊಟ ಬಡಿಸುವಾಗ ಮೊಲೆಫೆಯವರ ಎದೆಯ ಮೇಲಿನದನ್ನು ಓದಿದೆ.

“ಇದರಲ್ಲಿ ನೀವು ಉದ್ದದ ಓಟ ಓಡ್ತೀರಿ ಅಂತ ಬರ್ದಿದೆಯಲ್ಲ?”

“ಹೌದು,” ಎಂದರು ಮೊಲೆಫೆ, ಸಾರು ಸುರಿದುಕೊಳ್ಳುತ್ತ. “ನಾನೂ ದಾರೀಲಿ ನೋಡ್ದೆ.”

“ಪಾಲೆಸಾ?”

“ತಂಡದ ಮುಖ್ಯಸ್ಥೆ.”

“ಅದಲು ಬದಲಾಗಿದೆ.”

ಅವರು ಕೈ ತಡೆದು ನನ್ನನ್ನೇ ಮರುಕದಿಂದ ನೋಡಿದರು. “ಅಜ್ಜಿ, ಆ ಪಟ್ಟಿಗೆ ರುಜು ಹಾಕಿರೋರು ನಮ್ಮ ಕ್ರೀಡಾಮಂತ್ರಿಗಳು. ಅವರು ಬರ್ದದ್ದು ಅದಲು ಬದಲಾಗಲ್ಲ. ನಾವೇ ಅದಲು ಬದಲಾಗ್ಬೇಕು.”

ಪಾಲೆಸಾ ತಟ್ಟೆಯಿಂದ ಕಣ್ಣೆತ್ತಲಿಲ್ಲ. ಸಣ್ಣ ದೇಶಗಳಿಗೆ ಉದ್ದದ ಓಟದಲ್ಲಿ ಒಂದೇ ಜಾಗ, ಹೆಣ್ಣೋ ಗಂಡೋ ಅವರವರ ಇಷ್ಟ. ಆ ಜಾಗಕ್ಕಾಗಿ ಅವಳು ತನ್ನ ದೇಶದ ಬೆಟ್ಟಗಳನ್ನೆಲ್ಲ ಹತ್ತಿ ಇಳಿದಿದ್ದಳು. ಈಗ ಜಾಗ ಮೊಲೆಫೆಯವರ ಎದೆಯ ಮೇಲೆ ನೇತಾಡುತ್ತಿತ್ತು. ಕೂಟದ ಕಚೇರಿಯನ್ನು ಊರಾಚೆಯ ಹಳೆಯ ಛತ್ರದಲ್ಲಿ ಇಟ್ಟಿದ್ದರು. ಅಲ್ಲಿ ವಿಚಾರಿಸಿದಾಗ ಸಿಕ್ಕಿದ ಉತ್ತರ ಇಷ್ಟೇ: ಹೆಸರು ಬದಲಾಗಬೇಕಾದರೆ ದೇಶದಿಂದ ಕಾಗದ ಬರಬೇಕು, ಓಟದ ಹಿಂದಿನ ದಿನ ಮಧ್ಯಾಹ್ನದ ಗಂಟೆ ಹೊಡೆಯುವುದರೊಳಗೆ. ಸೆಲೋಕೆಗೆ ತಂತಿ ಹೊಡೆಯೋಣವೆಂದರೆ ಮೊಲೆಫೆ ಒಪ್ಪಲಿಲ್ಲ. ಮಂತ್ರಿಗಳಿಗೆ ಅವರ ತಪ್ಪನ್ನು ತಂತಿಯಲ್ಲಿ ತಿಳಿಸಿದವರು ಆಮೇಲೆ ಯಾವ ಇಲಾಖೆಯಲ್ಲೂ ಕಾಣಿಸಿಲ್ಲವಂತೆ.

ಆಗ ಬೋರಲಿಂಗಯ್ಯನಿಗೆ ಹೊಳೆಯಿತು. ಬಾಡಿಗೆ ಸೈಕಲ್ಲಿನ ಅಂಗಡಿಯವನು, ಬೀದಿಯಲ್ಲಿ ಎಲ್ಲರಿಗಿಂತ ಮೊದಲು ಕಂಬಳಿ ಹೊದ್ದವನು. “ದೇಶದಿಂದ ಕಾಗದ ಅಂದ್ರೆ ಏನ್ರಯ್ಯ? ಈಗ ದೇಶ ಅಂದ್ರೆ ನಾವೇ ತಾನೆ? ನಾವೇ ಬರ್ದು ಕಳಿಸಿದ್ರಾಯ್ತು!”

ಎಲ್ಲರೂ ಹೌದೆಂದರು. ಪಾಲೆಸಾ ಎದ್ದು ಬಂದು ಅವನ ಎರಡೂ ಕೈ ಹಿಡಿದುಕೊಂಡಳು. ಅರ್ಧ ಗಂಟೆಯ ಕೆಲಸ ಎಂದುಕೊಂಡು ನಾನು ಮಸಿಕುಡಿಕೆ ತಂದೆ. ಅಷ್ಟರಲ್ಲಿ ಬಡಗಿ ಸುಬ್ಬಾಚಾರಿ ಕೇಳಿದ, “ದೇಶದ ಕಾಗದ ಅಂದ್ಮೇಲೆ ಸರ್ಕಾರ ಬರೀಬೇಕು. ನಮ್ಮ ಸರ್ಕಾರ ಯಾವ್ದು?”

ಹಾಗೆ ಸರ್ಕಾರ ರಚನೆಯಾಯಿತು. ಬೋರಲಿಂಗಯ್ಯ ಅಧ್ಯಕ್ಷನಾದ. ಸುಬ್ಬಾಚಾರಿ ಹೊರದೇಶದ ಮಂತ್ರಿಯಾದ, ಯಾಕೆಂದರೆ ಅವನ ಹೆಂಡತಿಯ ತವರು ಗಡಿಯಾಚೆಯ ಹೂವಿನ ಪೇಟೆ. ನೀರಿಗೊಬ್ಬರು, ಬೆಟ್ಟಕ್ಕೊಬ್ಬರು, ಕಂಬಳಿಗೊಬ್ಬರು ಎಂದು ಖಾತೆ ಹಂಚುತ್ತ ಹೋಗಿ ಕೊನೆಗೆ ನನ್ನ ಮನೆ ಮಾತ್ರ ಉಳಿಯಿತು. “ದೇವೀರಮ್ಮ ಪ್ರಜೆ ಆಗ್ಲಿ,” ಎಂದ ಬೋರಲಿಂಗಯ್ಯ, “ಒಬ್ರಾದ್ರೂ ಬೇಕಲ್ಲ.” ಕಾಗದ ಬರೆಯುವ ಕೆಲಸವೂ ನನಗೇ ಬಂತು. ನನ್ನ ಅಕ್ಷರ ದುಂಡಗೆ, ಬರವಣಿಗೆ ನಿಧಾನ. ಸರ್ಕಾರಕ್ಕೆ ಅವಸರವಿದೆಯೆಂದು ಯಾರೂ ತಿಳಿದುಕೊಳ್ಳಬಾರದಲ್ಲ.

ಚಳಿಗೆ ಮಸಿ ಗಡ್ಡೆ ಕಟ್ಟುತ್ತಿತ್ತು. ಕುಡಿಕೆಯನ್ನು ಒಲೆಯ ಪಕ್ಕ ಇಟ್ಟು ಕರಗಿಸಿಕೊಂಡು ಬೋರಲಿಂಗಯ್ಯನ ಜಗಲಿಯಲ್ಲಿ ಕೂತು ಬರೆದೆ: “ಹೆಸರುಗಳು ತಪ್ಪಾಗಿ ನಮೂದಾಗಿವೆ.”

“ತಪ್ಪು ಅನ್ನೋದು ಬೇಡ,” ಎಂದ ಸುಬ್ಬಾಚಾರಿ. “ಮಂತ್ರಿಗಳಿಗೆ ಬೆರಳು ತೋರ್ಸಿದಂಗೆ ಆಗುತ್ತೆ.”

“ಆ ಮಂತ್ರಿ ಮುಖ ನೋಡಿದ್ದೀಯೇನಯ್ಯ ನೀನು?” ಎಂದೆ.

“ನೋಡಿಲ್ಲ. ಆದ್ರೂ ನಮ್ಮ ಮಂತ್ರಿ ತಾನೆ?”

ಅವನ ದನಿ ನಡುಗಿತು, ಅದು ಚಳಿಯಿಂದಲ್ಲ. ನಮ್ಮೂರ ಪರಿ ಇದೇ. ದೇಶವಾದ ಮೇಲೆ ಆ ದೇಶದ ಭಯವೂ ಬೀದಿಗೆ ಇಳಿದುಬರುತ್ತದೆ. ಮರುದಿನ ಬರೆದೆ: “ಹೆಸರುಗಳು ತಾವಾಗಿಯೇ ಜಾಗ ಬದಲಿಸಿಕೊಂಡಂತೆ ಕಂಡುಬಂದಿದೆ.” ಕಂಡುಬಂದಿದೆ ಎಂದರೆ ಯಾರಿಗೆ ಕಂಡಿತೆಂದು ಕೇಳಿದರೆ ಏನು ಹೇಳುವುದು ಎಂದು ಕಂಬಳಿ ಮಂತ್ರಿ ಎದ್ದ. ನೀರಿನ ಮಂತ್ರಿ ನಮ್ಮ ನದಿಯ ಬಗ್ಗೆ ಒಂದು ಸಾಲಾದರೂ ಇರಲೇಬೇಕೆಂದ. ಆ ನದಿಯನ್ನು ಅವನು ಕಂಡವನಲ್ಲ, ಆದರೂ ಅದರ ಮಾತು ಬಂದಾಗೆಲ್ಲ ಅವನ ಕಣ್ಣಲ್ಲಿ ನೀರು ಬರುತ್ತಿತ್ತು. ನದಿಯನ್ನು ಸೇರಿಸಿದೆವು. ಬೆಟ್ಟದವನು ಬೆಟ್ಟ ಯಾಕಿಲ್ಲ ಎಂದ. ಬೆಟ್ಟವನ್ನೂ ಸೇರಿಸಿದೆವು. ಕಾಗದ ಉದ್ದವಾಗುತ್ತ ಹೋಯಿತು, ಪಾಲೆಸಾಳ ಹೆಸರು ಅದರಲ್ಲಿ ಕೆಳಗೆ ಕೆಳಗೆ ಇಳಿಯುತ್ತ ಹೋಯಿತು.

ಈ ನಡುವೆ ಕೂಟ ನಡೆಯುತ್ತಲೇ ಇತ್ತು. ತೆಬೊಹೊ ಮೊದಲ ಸುತ್ತಿನಲ್ಲೇ ಏಟು ತಿಂದು ಬಂದ. ಒಂದು ಕಣ್ಣು ಮುಚ್ಚಿಹೋಗಿತ್ತು. ಇಡೀ ಬೀದಿ ಒಲೆ ಹಚ್ಚಲಿಲ್ಲ, ಬಾವುಟವನ್ನು ಅರ್ಧಕ್ಕೆ ಇಳಿಸಿದೆವು. “ನಾನು ಸತ್ತಿಲ್ಲ ಕಣ್ರಜ್ಜಿ, ಹಸಿವಾಗಿದೆ,” ಎಂದು ಅವನೇ ಅಡುಗೆಮನೆಗೆ ಬಂದ. ರೊಟ್ಟಿ ತಟ್ಟಿ ಕೊಟ್ಟೆ. ಆಚೆ ಮೇಲ್ಬೀದಿಯಲ್ಲಿ ಗೆಲುವಿನ ಮೇಲೆ ಗೆಲುವು. ಪದಕ ಬಂದಾಗಲೆಲ್ಲ ರಾಷ್ಟ್ರಗೀತೆ ಹಾಕುತ್ತಿದ್ದರು, ಬೀದಿಯವರೆಲ್ಲ ಎದ್ದು ನಿಲ್ಲಬೇಕು. ರುಕ್ಮಾಬಾಯಿ ಗಡಿಯ ಗಳದ ಹತ್ತಿರ ಕಾವಲು ಕೂತಿದ್ದವಳು ನನ್ನನ್ನು ಕಂಡು ಮೆಲ್ಲಗೆ ಅತ್ತಳು. “ದಿನಕ್ಕೆ ಎಷ್ಟು ಸಲ ಏಳೋದು ಅಕ್ಕ? ಮಂಡಿ ಹಿಡ್ಕೊಂಡಿದೆ. ನಿಮ್ದೇ ಪುಣ್ಯ, ಒಂದ್ಸಲಾನೂ ಎದ್ದಿಲ್ಲ.”

ಪಾಲೆಸಾಗೆ ಗಡಿ ದಾಟಲು ಸಿಗುತ್ತಿದ್ದದ್ದು ಮುಖ್ಯಸ್ಥರ ಸಭೆಗೆ ಮಾತ್ರ. ಅದಕ್ಕೆ ಛತ್ರದಿಂದ ವ್ಯಾನು ಬರುತ್ತಿತ್ತು. ಸಭೆಯಲ್ಲಿ ಟೀ ಬಿಸ್ಕತ್ತು ಕೊಟ್ಟು, ಶೌಚಾಲಯದ ಕೀಲಿ ಯಾರ ಬಳಿ ಇರಬೇಕೆಂದು ಚರ್ಚೆ ಮಾಡುತ್ತಿದ್ದರು. ವಾಪಸು ಬಂದವಳು ಸ್ವೆಟರ್ ಹಾಕಿಕೊಂಡು ನಮ್ಮ ಬೀದಿಯ ಈ ತುದಿಯಿಂದ ಆ ತುದಿಗೆ ಓಡುತ್ತಿದ್ದಳು. ತುದಿಯ ಗಳ ಮುಟ್ಟಿ ತಿರುಗುವುದು, ಮತ್ತೆ ಓಡುವುದು. ನನ್ನ ಮನೆಯ ಮುಂದೆ ಅವಳು ಹಾದುಹೋಗುವ ಸದ್ದು ಎಷ್ಟು ಅಭ್ಯಾಸವಾಯಿತೆಂದರೆ, ಅವಳು ನಿಂತಾಗ ಗಡಿಯಾರ ನಿಂತಂತೆ ತಲೆ ಎತ್ತುತ್ತಿದ್ದೆ.

ಮೊಲೆಫೆಯವರೂ ಸುಮ್ಮನಿರಲಿಲ್ಲ. ಉಣ್ಣೆಯ ಪೈಜಾಮದ ಮೇಲೆ ಓಟದ ಚಡ್ಡಿ ಹಾಕಿಕೊಂಡು ಹಿತ್ತಿಲಲ್ಲಿ ಕೈಕಾಲು ಬೀಸತೊಡಗಿದರು. ಛತ್ರದ ಹಲಗೆಯ ಮೇಲೆ ಓಟಗಾರರ ಹೆಸರು ಬರೆದಿದ್ದರಂತೆ, ಅದರಲ್ಲಿ ಅವರದೂ ಇತ್ತು. ವ್ಯಾನಿನವನನ್ನು ಕೇಳಿಕೊಂಡು ಅದನ್ನು ನೋಡಿಬಂದರು. ಆಯುಷ್ಯವೆಲ್ಲ ಬೇರೆಯವರ ಹೆಸರಿಗೆ ಚಪ್ಪಾಳೆ ತಟ್ಟಿದ ಮನುಷ್ಯ, ಪಾಪ. ಆದರೂ ಅವರು ಹಸಿ ಮೊಟ್ಟೆ ಕೇಳಿದಾಗ ನಾನು ಬೇಯಿಸಿಯೇ ಕೊಟ್ಟೆ.

ಒಂದು ಸಂಜೆ ಪಾಲೆಸಾ ಒಲೆಯ ಮುಂದೆ ಕಾಲು ಚಾಚಿ ಕೂತಿದ್ದಳು. ನಾನು ಬೆಳ್ಳುಳ್ಳಿ ಸುಲಿಯುತ್ತಿದ್ದೆ.

“ಕಾಗದ ಎಲ್ಲಿಗೆ ಬಂತು ಅಜ್ಜಿ?”

“ಮತ್ತೆ ಮೊದ್ಲಿಂದ ತಿದ್ದುತಾ ಇದ್ದೀವಿ. ‘ಮಾನ್ಯರೇ’ ದಾಟಿದೆ ಕಣಮ್ಮ.”

“ನಿನ್ನೇನೂ ಅಲ್ಲೇ ಇತ್ತಲ್ಲ.”

“ನಿನ್ನೆ ‘ಸನ್ಮಾನ್ಯರೇ’ ಅಂತ ಇತ್ತು. ಅದರ ಮೇಲೆ ಮತ ಹಾಕಿ ‘ಮಾನ್ಯರೇ’ಗೆ ಬಂದ್ವಿ.”

ಅವಳು ನಕ್ಕಳು. ನಗು ಬೇಗ ಮುಗಿಯಿತು. “ನಾನು ಕಂಬಳಿ ಗಿರಣೀಲಿ ಕೆಲಸ ಮಾಡೋದು. ಮೇಸ್ತ್ರಿ ರಜ ಕೊಡೋವಾಗ ಎಲ್ಲರ ಮುಂದೆ ಹೇಳ್ದ, ಓಡಿ ಬಂದ್ರೆ ನಿನ್ನ ಮಗ್ಗ ನಿನಗೆ, ಸುಮ್ನೆ ಊರು ಸುತ್ಕೊಂಡು ಬಂದ್ರೆ ಬೇರೆಯವಳಿಗೆ ಅಂತ. ಈಗ ಹೋಗಿ ಏನಂತ ಹೇಳ್ಲಿ? ಬಿಸ್ಕತ್ತು ತಿಂದ್ಬಂದೆ ಅನ್ಲಾ?” ಬೂಟಿನ ದಾರ ಬಿಚ್ಚಿ ಮತ್ತೆ ಕಟ್ಟಿದಳು. “ಮಗ್ಗ ಹೋದ್ರೆ ಹೋಗ್ಲಿ. ನನ್ನ ಕಾಲು ಈಗ ಸರಿಯಾಗಿ ಹದಕ್ಕೆ ಬಂದಿದೆ ಅಜ್ಜಿ. ಇಂಥ ಹದ ಮತ್ತೆ ಬರಲ್ಲ. ಅದು ಓಡೋರಿಗೆ ಗೊತ್ತಾಗುತ್ತೆ.”

“ಸ್ವಲ್ಪ ತಾಳ್ಮೆ ಇರ್ಲಿ ಮಗು.”

“ತಾಳ್ಮೆ ನಿಮ್ಮದು. ಓಡ್ಬೇಕಾದೋಳು ನಾನು.”

ಒರಟಾಗಿ ಹೇಳಲಿಲ್ಲ, ಇದ್ದದ್ದನ್ನು ಹೇಳಿದಳು. ಬೆಳ್ಳುಳ್ಳಿಯ ಸಿಪ್ಪೆ ಬೆರಳಿಗೆ ಅಂಟಿಕೊಂಡಿತ್ತು, ಕೊಡವುತ್ತ ಕೂತೆ. ನನ್ನ ತಾಳ್ಮೆಯನ್ನು ಎಲ್ಲರೂ ಹೊಗಳಿದ್ದನ್ನೇ ಕೇಳಿದ್ದೆ. ಅದಕ್ಕೆ ತಗಲುವ ಖರ್ಚು ಬೇರೆಯವರದಾಗಬಹುದೆಂದು ಯಾರೂ ಹೇಳಿರಲಿಲ್ಲ.

ಓಟದ ಹಿಂದಿನ ದಿನ ಬಂತು. ಬೆಳಿಗ್ಗೆಯೇ ಸರ್ಕಾರವೆಲ್ಲ ಜಗಲಿಯ ಮೇಲೆ ಸೇರಿತು. ಕಾಗದ ಪೂರ್ತಿಯಾಗಿತ್ತು. ನದಿ, ಬೆಟ್ಟ, ಕಂಬಳಿ, ಮಂತ್ರಿಗಳಿಗೆ ಕೃತಜ್ಞತೆ, ಲೋಕಕ್ಕೆ ಶಾಂತಿ, ಎಲ್ಲವೂ ಇತ್ತು. ಪಾಲೆಸಾಳ ಹೆಸರು ಎರಡನೆಯ ಹಾಳೆಯ ಕೊನೆಯಲ್ಲಿತ್ತು. ಉಳಿದದ್ದು ರುಜು. ಯಾರ ರುಜು ಮೇಲೆ ಬರಬೇಕು ಎನ್ನುವಲ್ಲಿ ಬಂಡಿ ನಿಂತಿತು.

“ನಾನು ಅಧ್ಯಕ್ಷ,” ಎಂದ ಬೋರಲಿಂಗಯ್ಯ.

“ಕಾಗದ ಹೋಗ್ತಿರೋದು ಹೊರದೇಶಕ್ಕೆ. ಅದು ನನ್ನ ಖಾತೆ,” ಎಂದ ಸುಬ್ಬಾಚಾರಿ.

“ಹೋಗ್ಲಿ, ಎಲ್ಲರ ರುಜೂನೂ ದುಂಡಗೆ ಹಾಕೋಣ. ಮೇಲೂ ಇಲ್ಲ, ಕೆಳಗೂ ಇಲ್ಲ,” ಎಂದ ಕಂಬಳಿ ಮಂತ್ರಿ.

“ದುಂಡಗೆ ಹಾಕಿದ್ರೆ ನಡುವೆ ಯಾರು?”

ಬಿಸಿಲು ನೆತ್ತಿಗೆ ಹತ್ತಿರ ಬರುತ್ತಿತ್ತು. ನಮ್ಮ ಬೀದಿಯಲ್ಲಿ ಅದು ಬೆಳಕಷ್ಟೇ, ಕಾವಿಲ್ಲ. ಪಾಲೆಸಾ ಜಗಲಿಯ ಕೆಳಗೆ ನಿಂತು ಒಬ್ಬೊಬ್ಬರ ಬಾಯನ್ನೂ ನೋಡುತ್ತಿದ್ದಳು. ಬೋರಲಿಂಗಯ್ಯನ ಹೆಂಡತಿ ಕಾಫಿ ತಂದಳು. ಸಭೆ ಕಾಫಿಗೆ ಎದ್ದಿತು. ದೇಶದ ಕಾಗದ ಕಾಫಿ ಲೋಟದ ಕೆಳಗೆ ಉಳಿಯಿತು.

ನಾನು ಮಸಿಕುಡಿಕೆಯನ್ನು ಸೆರಗಿನೊಳಗೆ ಹಿಡಿದು ಬೆಚ್ಚಗೆ ಮಾಡಿಕೊಂಡೆ. ಹೊಸ ಹಾಳೆ ತೆಗೆದು ಎರಡು ಸಾಲು ಬರೆದೆ. “ನಮ್ಮ ಕಡೆಯಿಂದ ಓಡುವವಳು ಪಾಲೆಸಾ. ಮೊಲೆಫೆಯವರು ಓಡುವುದಿಲ್ಲ.” ಕೆಳಗೆ, ಸೆಲೋಕೆ ದೇಶದ ಪರವಾಗಿ ಎಂದು ಬರೆದು ನನ್ನ ಹೆಸರು ಹಾಕಿದೆ. ದೀರ್ಘವನ್ನು ಪೂರ್ತಿ ಎಳೆದೆ, ಅಕ್ಷರ ಚೆನ್ನಾಗಿಯೇ ಬಂತು.

ತಲೆ ಎತ್ತಿದರೆ ಮೊಲೆಫೆ ಚಡ್ಡಿ ಪೈಜಾಮದ ಮೇಲೆ ಕೋಟು ತೊಟ್ಟು ನನ್ನ ಹಿಂದೆ ನಿಂತು ಓದುತ್ತಿದ್ದರು.

“ಸೆಲೋಕೆಯ ಮುದ್ರೆ ಇಲ್ದೆ ಇದು ನಡೆಯಲ್ಲ ಅಜ್ಜಿ,” ಎಂದರು.

“ಮುದ್ರೆ ಯಾರ ಹತ್ರ ಇದೆ?”

“ನನ್ನ ಹತ್ರ.”

ಕಾಫಿ ಕುಡಿಯುವವರ ಕಡೆಯಿಂದ, ನಡುವೆ ನದಿಯ ಚಿತ್ರ ಹಾಕಿದರೆ ಹೇಗೆ ಎಂಬ ಮಾತು ಕೇಳಿಸುತ್ತಿತ್ತು. ಮೊಲೆಫೆ ತಮ್ಮ ಬಿಲ್ಲೆಯನ್ನು ಕೈಯಲ್ಲಿ ಹಿಡಿದು ಇನ್ನೊಮ್ಮೆ ಓದಿಕೊಂಡರು. ಆಮೇಲೆ ಕೋಟಿನ ಒಳಜೇಬಿನಿಂದ, ದಾರ ಸುತ್ತಿದ ಮುದ್ರೆ ತೆಗೆದರು. ಚಳಿಗೆ ಅದರ ಮಸಿಯೂ ಹೆಪ್ಪುಗಟ್ಟಿತ್ತು. ಬಾಯಿಯ ಹತ್ತಿರ ಹಿಡಿದು ಹಾ ಎಂದು ಉಸಿರು ಬಿಟ್ಟರು, ಮತ್ತೊಮ್ಮೆ ಬಿಟ್ಟರು, ನನ್ನ ಹೆಸರಿನ ಪಕ್ಕದಲ್ಲಿ ಒತ್ತಿದರು.

“ನಿಜ ಹೇಳ್ಬೇಕಂದ್ರೆ ಹಿತ್ತಿಲಲ್ಲೇ ಮೊಣಕಾಲು ಹಿಡ್ಕೊಂಡಿತ್ತು,” ಎಂದರು ನನಗೆ ಮಾತ್ರ ಕೇಳುವಂತೆ. “ಹಲಗೆ ಮೇಲೆ ಹೆಸರು ಅಳಿಸೋವಾಗ ಪೂರ್ತಿ ಅಳಿಸ್ಬೇಡಿ ಅಂತ ಹೇಳೋಕಾಗುತ್ತಾ?”

ಅಷ್ಟರಲ್ಲಿ ಸುಬ್ಬಾಚಾರಿ ಲೋಟ ಹಿಡಿದುಕೊಂಡೇ ಓಡಿಬಂದ. “ಏನಿದು ದೇವೀರಮ್ಮ? ಸಭೆ ಮುಗಿದಿಲ್ಲ! ಕಳಿಸೋದಾದ್ರೂ ಹೇಗೆ? ಇವತ್ತು ಮುಖ್ಯಸ್ಥರ ಸಭೆ ಇಲ್ಲ, ವ್ಯಾನೂ ಬರಲ್ಲ. ಛತ್ರಕ್ಕೆ ಹೋಗೋಕೆ ಮೇಲ್ಬೀದಿ ಚೀಟಿ ಬೇಕು, ಕಂಚುಗಾರರ ಬೀದಿ ಚೀಟಿ ಬೇಕು, ಹೂವಿನ ಪೇಟೆ ಚೀಟಿ ಬೇಕು. ಅರ್ಜಿ ಹಾಕಿದ್ರೆ ನಾಳೆ ಸಂಜೆಗೆ ಸಿಗುತ್ತೆ.”

“ನೀನು ಅರ್ಜಿ ಬರ್ಸಪ್ಪ, ಬರ್ದುಕೊಡ್ತೀನಿ,” ಎಂದು ಕಾಗದವನ್ನು ಪಾಲೆಸಾಳ ಕಡೆಗೆ ಚಾಚಿದೆ.

ಅವಳು ಕಾಗದವನ್ನು ನಾಲ್ಕು ಮಡಿಕೆ ಮಾಡಿ ಸ್ವೆಟರಿನೊಳಗೆ ಸೇರಿಸಿದಳು, ಬಗ್ಗಿ ಬೂಟಿನ ದಾರವನ್ನು ಒಮ್ಮೆ ಮುಟ್ಟಿ ನೋಡಿದಳು, ಹೊರಟಳು. ಬೀದಿಯ ತುದಿಯವರೆಗೆ ಅವಳ ಓಟ ನಮಗೆಲ್ಲ ಗೊತ್ತಿದ್ದದ್ದೇ. ಗಳದ ಹತ್ತಿರ ಹೋದವಳು ಮುಟ್ಟಿ ತಿರುಗುತ್ತಾಳೆಂದು ಕಣ್ಣು ಅಭ್ಯಾಸದಿಂದ ಕಾಯಿತು. ಅವಳು ತಿರುಗಲಿಲ್ಲ. ಗಳವನ್ನು ಹಾರಿ, ಚಳಿಯಿಂದ ಬಿಸಿಲಿಗೆ ಬಿದ್ದು, ಮರೆಯಾದಳು.

ರುಕ್ಮಾಬಾಯಿ ಮಂಡಿ ಹಿಡಿದುಕೊಂಡು ಏಳುವಷ್ಟರಲ್ಲಿ ಎಲ್ಲ ಮುಗಿದಿತ್ತು. “ಏಯ್, ಚೀಟಿ! ಚೀಟಿ ತೋರ್ಸಮ್ಮಾ!” ಎಂದು ಅವಳು ಕೂಗಿದ್ದು ಕೇಳಿಸಿತು. ಜಗಲಿಯ ಮೇಲಿದ್ದವರೆಲ್ಲ ಆ ಕಡೆಗೆ ಕಿವಿಗೊಟ್ಟರು. ಸ್ವಲ್ಪ ಹೊತ್ತಿಗೆ ಕಂಚುಗಾರರ ಬೀದಿಯ ಕಡೆಯಿಂದ ಗಂಡಸೊಬ್ಬನ ಕೂಗು, ಅದರ ಹಿಂದೆ ತಟ್ಟೆ ಉರುಳಿದ ಸದ್ದು. ಕಾಗದ ಎಲ್ಲಿಯವರೆಗೆ ಹೋಯಿತೆಂದು ತಿಳಿಯಲು ನಮಗೆ ಆ ಬೈಗುಳಗಳೇ ದಾರಿ. ಹೂವಿನ ಪೇಟೆಯವರು ನಾಲ್ಕಾರು ಜನ ಒಟ್ಟಿಗೆ ಬೈದರು, ಅದು ತೆಳ್ಳಗೆ, ದೂರದಿಂದ ಬಂತು. ತನ್ನ ಹೆಂಡತಿಯ ತವರಿನವರ ದನಿ ಗುರುತಿಸಿ ಸುಬ್ಬಾಚಾರಿ ತಲೆ ತಗ್ಗಿಸಿದ. ಆಮೇಲೆ ಏನೂ ಇಲ್ಲ. ಬಾಯಿ ತೆರೆದ ಬೋರಲಿಂಗಯ್ಯನನ್ನು ಮೊಲೆಫೆ ಭುಜ ಒತ್ತಿ ಕೂರಿಸಿದರು. ಕೊನೆಗೆ ಬಹಳ ದೂರದಿಂದ, ಛತ್ರದ ಬಾಗಿಲ ಕಾವಲುಗಾರನ ಗಡಸು ದನಿ, “ಯಾರದು, ಒಳಗೆ ನುಗ್ಗಿದ್ದು ಯಾರು!” ಅಂತ. ಅದು ಮುಗಿದ ಮೇಲೆ ಮಧ್ಯಾಹ್ನದ ಗಂಟೆ ಹೊಡೆಯಿತು.